ಎತ್ತರದಲ್ಲಿ ಹಾರುವ ವಿಮಾನಕ್ಕೆ ಗುಡುಗು ಮೋಡ ಸಿಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಮಾನದ ಮಾತು, ಮಳೆಯ ಮಾತು ಒಟ್ಟಿಗೆ ಬಂದಾಗಲೆಲ್ಲ ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿದರೂ ಸಾಕು.

## ಶುರುವಿನ ಪ್ರಶ್ನೆಗಳು

ಕಿಟಕಿಯಿಂದ ನೋಡಿದ್ರೆ ಮೋಡ ಎಲ್ಲಾ ಕೆಳಗೇ ಇರುತ್ತಲ್ವಾ? ಮತ್ತೆ ಗುಡುಗು ಮೋಡ ಹೇಗೆ ಅಡ್ಡ ಬರುತ್ತೆ?

ಪ್ರಯಾಣಿಕರ ಜೆಟ್ ವಿಮಾನಗಳು ಸಾಮಾನ್ಯವಾಗಿ 30,000 ಅಡಿಯಿಂದ 42,000 ಅಡಿ ಎತ್ತರದಲ್ಲಿ ಹಾರುತ್ತವೆ. ಅಂದರೆ ಸುಮಾರು 9ರಿಂದ 13 ಕಿಲೋಮೀಟರ್. ಹತ್ತಿಯ ಉಂಡೆಯಂಥ ಬಿಳಿ ಮೋಡಗಳು, ಜಿಟಿಜಿಟಿ ಮಳೆಯ ಬೂದು ಮೋಡಗಳು ಬಹುಪಾಲು ಇದಕ್ಕಿಂತ ಎಷ್ಟೋ ಕೆಳಗಿರುತ್ತವೆ. ನೀವು ಕಿಟಕಿಯಿಂದ ಕಂಡಿದ್ದು ಅವನ್ನೇ. ಗುಡುಗು ಮೋಡದ ಕಥೆ ಬೇರೆ. ಅದರ ಬುಡ ನೆಲದಿಂದ ಒಂದೆರಡು ಕಿಲೋಮೀಟರ್ ಮೇಲಿದ್ದರೆ, ತಲೆ 12, 15, ಕೆಲವೊಮ್ಮೆ 18 ಕಿಲೋಮೀಟರ್ ಮುಟ್ಟುತ್ತದೆ. ವಿಮಾನದ ದಾರಿಯಲ್ಲಿ ಅದು ಗೋಪುರದ ಹಾಗೆ ಎದುರಿಗೇ ನಿಂತಿರುತ್ತದೆ. ಈ ಮೋಡಕ್ಕೆ ಕ್ಯುಮುಲೋನಿಂಬಸ್ ಎಂದು ಹೆಸರು. ಪೈಲಟ್‌ಗಳು ಚಿಕ್ಕದಾಗಿ 'ಸಿಬಿ' ಅನ್ನುತ್ತಾರೆ.

ಸರಿ, ಸಿಗೋ ಸಾಧ್ಯತೆ ಎಷ್ಟು? ಪರ್ಸೆಂಟ್‌ನಲ್ಲಿ ಹೇಳಿ.

ಒಂದೇ ಪರ್ಸೆಂಟ್ ಹೇಳಿದರೆ ಅದು ಸುಳ್ಳಾಗುತ್ತದೆ. 'ಸಿಗುವುದು' ಅನ್ನುವ ಮಾತಿಗೆ ಇಲ್ಲಿ ಎರಡು ಅರ್ಥ ಇದೆ. ದಾರಿಗೆ ಅಡ್ಡ ಬರುವುದು ಒಂದು. ವಿಮಾನ ಅದರ ಒಳಗೆ ನುಗ್ಗುವುದು ಇನ್ನೊಂದು. ಮೊದಲನೆಯದು ಮಾಮೂಲು, ಎರಡನೆಯದು ಅಪರೂಪ.

ಒಂದು ಒರಟು ಲೆಕ್ಕ ಹಾಕೋಣ. ಭೂಮಿಯ ಮೇಲೆ ಯಾವುದೇ ಹೊತ್ತಿನಲ್ಲಿ ಸುಮಾರು 2,000 ಕಡೆ ಗುಡುಗು ಮಳೆ ಆಗುತ್ತಿರುತ್ತದೆ ಎಂಬುದು ಬಹಳ ಕಾಲದಿಂದ ಬಳಕೆಯಲ್ಲಿರುವ ಅಂದಾಜು. ಒಂದೊಂದು ಮೋಡವೂ 20 ಕಿಲೋಮೀಟರ್ ಅಗಲ ಅಂದುಕೊಳ್ಳಿ. ಭೂಮಿಯ ಒಟ್ಟು ವಿಸ್ತೀರ್ಣ 51 ಕೋಟಿ ಚದರ ಕಿಲೋಮೀಟರ್. ಅದರಲ್ಲಿ ಈ ಮೋಡಗಳು ಮುಚ್ಚುವುದು ಹೆಚ್ಚುಕಡಿಮೆ ಸಾವಿರಕ್ಕೆ ಒಂದು ಪಾಲು. ಇಷ್ಟೇನಾ ಅನ್ನಿಸುತ್ತದೆ. ಆದರೆ ವಿಮಾನ ಒಂದೇ ಕಡೆ ನಿಂತಿರುವುದಿಲ್ಲ. 7,000 ಕಿಲೋಮೀಟರ್ ಹಾರಾಟ ಅಂದರೆ ಭೂಪಟದ ಮೇಲೆ ಅಷ್ಟುದ್ದದ ಗೆರೆ ಎಳೆದ ಹಾಗೆ. ಆ ಗೆರೆ ಯಾವುದಾದರೂ ಮೋಡಕ್ಕೆ ತಾಗುವ ಲೆಕ್ಕ ಹಾಕಿದರೆ, ಎರಡು ಹಾರಾಟಕ್ಕೆ ಒಂದು ಸಲ ಎಂದು ಬರುತ್ತದೆ! ಎಲ್ಲ ಗುಡುಗು ಮೋಡಗಳೂ ವಿಮಾನದ ಎತ್ತರ ಮುಟ್ಟುವುದಿಲ್ಲ, ಅದಕ್ಕೆ ಸ್ವಲ್ಪ ಕಳೆಯಿರಿ. ಆದರೂ ಕಣ್ಣು ಮುಚ್ಚಿ ನೇರಕ್ಕೆ ಹಾರಿಸುವ ಪೈಲಟ್ ತಿಂಗಳಿಗೆ ಕೆಲವು ಸಲವಾದರೂ ಗುಡುಗು ಮೋಡದೊಳಗೆ ನುಗ್ಗಬೇಕಾಗುತ್ತಿತ್ತು. ಹಾಗಾಗದೆ ಇರುವುದು ಸುತ್ತು ಹಾಕಿ ಹೋಗುವುದರಿಂದ. ಎತ್ತರದ ಪಾಲು ಅದರಲ್ಲಿ ಬಹಳ ಕಡಿಮೆ.

ಯಾವ ಜಾಗದಲ್ಲಿ, ಯಾವ ಹೊತ್ತಲ್ಲಿ ಜಾಸ್ತಿ?

ಸಮಭಾಜಕ ವೃತ್ತದ ಆಸುಪಾಸಿನಲ್ಲಿ. ಉತ್ತರದ ಮತ್ತು ದಕ್ಷಿಣದ ಗಾಳಿಗಳು ಅಲ್ಲಿ ಬಂದು ಸೇರಿ ಮೇಲೇಳುತ್ತವೆ. ಮಧ್ಯ ಆಫ್ರಿಕಾ, ಅಮೆಜಾನ್, ಆಗ್ನೇಯ ಏಷ್ಯಾದ ದ್ವೀಪಗಳು ಇದಕ್ಕೆ ಹೆಸರುವಾಸಿ. ನೆಲದ ಮೇಲೆ ಮಧ್ಯಾಹ್ನದಿಂದ ಸಂಜೆವರೆಗೆ ಜೋರು. ಸಮುದ್ರದ ಮೇಲೆ ರಾತ್ರಿ ಮತ್ತು ಬೆಳಗಿನ ಜಾವ ಜಾಸ್ತಿ. ಧ್ರುವಗಳ ಕಡೆಗೆ ಹೋದಂತೆ ಗುಡುಗು ಅಪರೂಪ.

ಆಸ್ಟ್ರೇಲಿಯಾದ ಉತ್ತರಕ್ಕೆ ಟಿವಿ (Tiwi) ಎಂಬ ದ್ವೀಪಗಳಿವೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಅಲ್ಲಿ ಒಂದು ಗುಡುಗು ಮೋಡ ಏಳುತ್ತದೆ. 20 ಕಿಲೋಮೀಟರ್ ಹತ್ತಿರಕ್ಕೂ ಹೋಗುತ್ತದೆ. ಎರಡನೇ ಮಹಾಯುದ್ಧದ ಕಾಲದ ಪೈಲಟ್‌ಗಳು ದಾರಿಗುರುತಿಗೆ ಅದನ್ನೇ ಬಳಸುತ್ತಿದ್ದರು. ಅದಕ್ಕೆ 'ಹೆಕ್ಟರ್' ಎಂದು ಹೆಸರು. ಮೋಡಕ್ಕೆ ಹೆಸರಿಡುವಷ್ಟು ಸಲುಗೆ ಬೆಳೆಯಬೇಕಾದರೆ ಅದು ಎಷ್ಟು ತಪ್ಪದೆ ಬರುತ್ತಿರಬೇಕು ನೋಡಿ.

ಸಿಡಿಲು ಬಡಿದ್ರೆ ವಿಮಾನ ಬಿದ್ದುಹೋಗುತ್ತಾ?

ಇಲ್ಲ. ಒಂದೊಂದು ಪ್ರಯಾಣಿಕ ವಿಮಾನಕ್ಕೂ ವರ್ಷಕ್ಕೆ ಸರಾಸರಿ ಒಂದು ಸಲ ಸಿಡಿಲು ಬಡಿಯುತ್ತದೆ. ಸಾಮಾನ್ಯವಾಗಿ ಮೂಗಿಗೋ ರೆಕ್ಕೆಯ ತುದಿಗೋ ಬಡಿದು, ಹೊರಮೈ ಮೇಲೆ ಹರಿದು, ಬಾಲದಿಂದ ಹೊರಟುಹೋಗುತ್ತದೆ. ಒಳಗಿದ್ದವರಿಗೆ ಒಂದು ಫಳ್ ಎನ್ನುವ ಬೆಳಕು, ಒಂದು ದಡ್ ಎನ್ನುವ ಸದ್ದು. ಲೋಹದ ಹೊರಮೈ ಇಲ್ಲದ ಹೊಸ ವಿಮಾನಗಳಲ್ಲಿ ತೆಳುವಾದ ಲೋಹದ ಜಾಲರಿಯನ್ನು ಹುದುಗಿಸಿರುತ್ತಾರೆ. ಬಹುಪಾಲು ಸಿಡಿಲನ್ನು ವಿಮಾನವೇ ತನ್ನ ಮೇಲೆ ಎಳೆದುಕೊಳ್ಳುತ್ತದೆ ಅನ್ನುವುದು ಇದರಲ್ಲಿ ತಮಾಷೆಯ ಸಂಗತಿ. ವಿದ್ಯುತ್ ತುಂಬಿದ ಮೋಡದ ಹತ್ತಿರ ಅದು ಬಂದದ್ದರಿಂದಲೇ ಮಿಂಚು ಹುಟ್ಟುತ್ತದೆ. ಅದೂ ಹೆಚ್ಚಾಗಿ ಹತ್ತುವಾಗ, ಇಳಿಯುವಾಗ, 5,000ದಿಂದ 15,000 ಅಡಿಯ ನಡುವೆ.

ಹಿಂದೆ ಹೀಗಿರಲಿಲ್ಲ. 1963ರ ಡಿಸೆಂಬರ್ 8ರಂದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಪ್ಯಾನ್ ಆಮ್‌ನ ಬೋಯಿಂಗ್ 707ಕ್ಕೆ ಸಿಡಿಲು ಬಡಿದು ಇಂಧನದ ಆವಿ ಹೊತ್ತಿಕೊಂಡಿತು. 81 ಜನ ಸತ್ತರು. ಟ್ಯಾಂಕ್‌ಗಳಿಗೆ ಸಿಡಿಲಿನಿಂದ ರಕ್ಷಣೆ ಕೊಡುವ ಕೆಲಸ ಚುರುಕಾಗಿದ್ದು ಆ ದುರಂತದ ಮೇಲೆ.

ಪ್ರಯಾಣಿಕನಾಗಿ ನಾನು ಏನು ಮಾಡಬಹುದು?

ಕೂತಿರುವಷ್ಟು ಹೊತ್ತು ಸೀಟ್ ಬೆಲ್ಟ್ ಹಾಕಿಕೊಂಡಿರಿ. ಬೆಲ್ಟ್ ಸೂಚನೆಯ ದೀಪ ಆರಿದ್ದರೂ ಸರಿ. ಬೆಳಗಿನ ವಿಮಾನ ಹಿಡಿದರೆ ನೆಲದ ಮೇಲಿನ ಗುಡುಗು ಮೋಡಗಳು ಸ್ವಲ್ಪ ಕಡಿಮೆ. ಅಷ್ಟೇ.

## ಸ್ವಲ್ಪ ಒಳಗೆ ಹೋದರೆ

ಮೋಡದ ಮೇಲಿಂದ ಹಾರಿಸಿಬಿಟ್ರೆ ಆಯ್ತಲ್ಲ, ಸುತ್ತು ಯಾಕೆ ಹಾಕ್ಬೇಕು?

ಕಡಿಮೆ ಎತ್ತರದ ಮೋಡಗಳನ್ನು ಮೇಲಿಂದಲೇ ದಾಟುತ್ತಾರೆ. ದೊಡ್ಡ ಮೋಡವನ್ನು ಹಾರಿ ದಾಟುವ ಯೋಚನೆ ಮಾತ್ರ ಕೆಟ್ಟದ್ದು.

ಮೊದಲಿಗೆ, ವಿಮಾನಕ್ಕೆ ಅಷ್ಟು ಮೇಲೆ ಹತ್ತಲು ಆಗುವುದಿಲ್ಲ. ದೂರದ ಊರಿಗೆ ಹೊರಟ ವಿಮಾನದಲ್ಲಿ ಟ್ಯಾಂಕ್ ತುಂಬ ಇಂಧನ ಇರುತ್ತದೆ. ಅದು ಉರಿದು ಮೈ ಹಗುರಾದಂತೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬಹುದು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ವೇಗ ತೀರಾ ಕಡಿಮೆಯಾದರೆ ರೆಕ್ಕೆಗೆ ವಿಮಾನವನ್ನು ಹೊರಲು ಆಗುವುದಿಲ್ಲ, ಇದೇ ಸ್ಟಾಲ್. ಶಬ್ದದ ವೇಗಕ್ಕೆ ತೀರಾ ಹತ್ತಿರ ಹೋದರೆ ವಿಮಾನ ಗಡಗಡ ಅದುರುತ್ತದೆ. ಎತ್ತರ ಹೆಚ್ಚಿದಂತೆ ಈ ಎರಡರ ನಡುವಿನ ಜಾಗ ಕಿರಿದಾಗುತ್ತಾ ಬರುತ್ತದೆ. ಪೈಲಟ್‌ಗಳು ಇದಕ್ಕೆ ಇಟ್ಟ ಹೆಸರು 'ಕಾಫಿನ್ ಕಾರ್ನರ್', ಶವಪೆಟ್ಟಿಗೆಯ ಮೂಲೆ. ಅಂಥ ಇಕ್ಕಟ್ಟಿನಲ್ಲಿ ಕೆಳಗಿನ ಮೋಡ ಒಂದು ಸಲ ಕುಲುಕಿದರೆ ಸಾಕು.

ಎರಡನೆಯದಾಗಿ, ಮೋಡ ಸುಮ್ನೆ ನಿಂತಿರುವುದಿಲ್ಲ. ಅದರ ತಲೆ ಸೆಕೆಂಡಿಗೆ 10 ಮೀಟರ್ ಏರಿದರೂ ನಿಮಿಷಕ್ಕೆ ಸುಮಾರು 2,000 ಅಡಿ ಆಯಿತು. ಭಾರದ ವಿಮಾನ ಆ ಎತ್ತರದಲ್ಲಿ ನಿಮಿಷಕ್ಕೆ 500 ಅಡಿ ಏರಿದರೆ ಅದೇ ದೊಡ್ಡದು. ಓಟದಲ್ಲಿ ಮೋಡವೇ ಗೆಲ್ಲುತ್ತದೆ.

2006ರ ಆಗಸ್ಟ್ 22ರಂದು ಇದೇ ನಡೆಯಿತು. ರಷ್ಯಾದ ಅನಾಪಾದಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟಿದ್ದ ಟುಪೊಲೆವ್ 154 ವಿಮಾನ ಗುಡುಗು ಮೋಡದ ಮೇಲಿಂದ ದಾಟಲು ಏರುತ್ತಾ ಹೋಯಿತು. 39,000 ಅಡಿ ಹತ್ತಿರ ವೇಗ ಕಳೆದುಕೊಂಡು ಸ್ಟಾಲ್ ಆಯಿತು. ಗಿರಗಿರ ತಿರುಗುತ್ತಾ ಉಕ್ರೇನ್‌ನ ಡೊನೆಟ್ಸ್ಕ್ ಬಳಿ ಬಿತ್ತು. ಒಳಗಿದ್ದ 170 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಅದು ಅಷ್ಟು ಎತ್ತರ ಬೆಳೆಯೋದು ಹೇಗೆ? ಎಲ್ಲೋ ಒಂದು ಕಡೆ ನಿಲ್ಲಲೇಬೇಕಲ್ಲ?

ನಿಲ್ಲುತ್ತದೆ. ಬಿಸಿಯಾದ, ತೇವ ತುಂಬಿದ ಗಾಳಿ ಮೇಲೇಳುತ್ತದೆ. ಆವಿ ನೀರಾಗುವಾಗ, ನೀರು ಮಂಜುಗಡ್ಡೆಯಾಗುವಾಗ ಶಾಖ ಹೊರಬರುತ್ತದೆ. ಆ ಶಾಖವೇ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಸುತ್ತಲಿನ ಗಾಳಿಗಿಂತ ತಾನು ಬೆಚ್ಚಗಿರುವವರೆಗೂ ಈ ಏರಾಟ ನಡೆಯುತ್ತದೆ. ಟ್ರೋಪೋಪಾಸ್ ಎಂಬ ಮಟ್ಟ ಬಂದ ಮೇಲೆ ಎತ್ತರ ಹೆಚ್ಚಿದರೂ ಚಳಿ ಹೆಚ್ಚುವುದಿಲ್ಲ. ಮೋಡಕ್ಕೆ ಅದು ಸೂರಿನ ಹಾಗೆ. ತಲೆ ತಾಗಿದ ಮೋಡ ಅಡ್ಡಕ್ಕೆ ಹರಡಿ ಕಮ್ಮಾರನ ಅಡಿಗಲ್ಲಿನ ಆಕಾರ ತಾಳುತ್ತದೆ. ಈ ಸೂರು ಧ್ರುವಗಳ ಬಳಿ 8-9 ಕಿಲೋಮೀಟರ್, ಸಮಭಾಜಕದ ಬಳಿ 16-18 ಕಿಲೋಮೀಟರ್ ಎತ್ತರದಲ್ಲಿದೆ. ಹಾಗಾಗಿ ಉಷ್ಣವಲಯದಲ್ಲಿ ಪ್ರಯಾಣಿಕ ವಿಮಾನ ಯಾವತ್ತೂ ಸೂರಿನ ಕೆಳಗೇ, ಮೋಡದ ಕೋಣೆಯಲ್ಲೇ ಹಾರುತ್ತಿರುತ್ತದೆ. ತುಂಬಾ ಜೋರಿನ ಏರುಗಾಳಿ ಇದ್ದರೆ ಮೋಡದ ನೆತ್ತಿ ಸೂರನ್ನೂ ತೂರಿ ಒಂದೆರಡು ಕಿಲೋಮೀಟರ್ ಮೇಲೆ ಉಬ್ಬುವುದುಂಟು.

ಪೈಲಟ್ ಹತ್ರ ರಾಡಾರ್ ಇದೆಯಲ್ಲ. ಮತ್ತೆ ಯಾಕೆ ತಪ್ಪು ಆಗುತ್ತೆ?

ಆ ರಾಡಾರ್ ಮೋಡವನ್ನು ನೋಡುವುದಿಲ್ಲ, ನೀರಿನ ಹನಿಯನ್ನು ನೋಡುತ್ತದೆ. ವಿಮಾನದ ಮೂಗಿನೊಳಗೆ ಕೂತು ಸುಮಾರು 3 ಸೆಂಟಿಮೀಟರ್ ಉದ್ದದ ಅಲೆಗಳನ್ನು ಮುಂದಕ್ಕೆ ಕಳಿಸುತ್ತದೆ. ದಪ್ಪ ಹನಿಗಳಿಂದ ಅಲೆ ಚೆನ್ನಾಗಿ ವಾಪಸು ಬರುತ್ತದೆ. ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಮೂಡುತ್ತದೆ. ಒಣ ಮಂಜುಗಡ್ಡೆಯ ಹರಳಿನಿಂದ ಬರುವುದು ಬಹಳ ಕಡಿಮೆ. ಗುಡುಗು ಮೋಡದ ಮೇಲ್ಭಾಗ ಪೂರ್ತಿ ಇಂಥ ಹರಳೇ. ಅಂದರೆ 37,000 ಅಡಿಯಲ್ಲಿ ರಾಡಾರ್ ಅನ್ನು ನೇರ ಮುಂದಕ್ಕೆ ತಿರುಗಿಸಿಟ್ಟರೆ ದೊಡ್ಡ ಮೋಡವೂ ಪರದೆಯ ಮೇಲೆ ಬಡಕಲಾಗಿ ಕಾಣಬಹುದು. ಅದಕ್ಕೇ ಕಿರಣವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ, ಮೋಡದ ಒದ್ದೆ ಹೊಟ್ಟೆಯನ್ನು ನೋಡಬೇಕು. ಹೊಸ ರಾಡಾರ್‌ಗಳು ಇದನ್ನು ತಾವೇ ಮಾಡುತ್ತವೆ.

ಇನ್ನೊಂದು ಮೋಸ ನೆರಳಿನದು. ಮುಂದಿನ ಮಳೆ ತುಂಬಾ ದಟ್ಟವಾಗಿದ್ದರೆ ಅಲೆಗಳೆಲ್ಲ ಅಲ್ಲೇ ಹೀರಿಹೋಗುತ್ತವೆ. ಹಿಂದೆ ಏನಿದೆಯೋ ಅದು ಖಾಲಿ ಜಾಗದಂತೆ ಕಾಣುತ್ತದೆ. 1977ರ ಏಪ್ರಿಲ್ 4ರಂದು ಅಮೆರಿಕದ ಜಾರ್ಜಿಯಾದಲ್ಲಿ ಒಂದು ಡಿಸಿ-9 ವಿಮಾನದ ಪೈಲಟ್‌ಗಳು ರಾಡಾರ್‌ನಲ್ಲಿ ಕಂಡ ಇಂಥದೇ 'ಕಿಂಡಿ'ಯ ಕಡೆ ಹೋದರು. ಅಲ್ಲಿದ್ದದ್ದು ಆಲಿಕಲ್ಲು. ಎರಡೂ ಎಂಜಿನ್ ಕೆಟ್ಟವು. ಹೆದ್ದಾರಿಯ ಮೇಲೆ ಇಳಿಸಲು ನೋಡಿದರು. 72 ಜನ ಸತ್ತರು, ಅವರಲ್ಲಿ 9 ಜನ ನೆಲದ ಮೇಲಿದ್ದವರು. ರಾಡಾರ್ ಪರದೆಯಲ್ಲಿ ಕಪ್ಪು ಜಾಗ ಕಂಡರೆ ಖುಷಿಪಡುವ ಮುಂಚೆ ಯೋಚಿಸಬೇಕು ಅನ್ನುವುದನ್ನು ಪೈಲಟ್‌ಗಳಿಗೆ ಈಗಲೂ ಕಲಿಸುತ್ತಾರೆ.

ಎಷ್ಟು ದೂರದಿಂದ ಸುತ್ತು ಹಾಕ್ತಾರೆ?

ಜೋರಿನ ಗುಡುಗು ಮೋಡವಾದರೆ ಕನಿಷ್ಠ 20 ನಾಟಿಕಲ್ ಮೈಲಿ, ಅಂದರೆ 37 ಕಿಲೋಮೀಟರ್ ದೂರವಿರಿ ಎಂದು ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ಹೇಳುತ್ತದೆ. ಮೇಲಿಂದ ದಾಟಲೇಬೇಕಾದರೆ, ಮೋಡದ ತಲೆಯ ಬಳಿ ಗಾಳಿಯ ವೇಗ ಎಷ್ಟಿದೆಯೋ ಅದರ ಪ್ರತಿ 10 ನಾಟ್‌ಗೆ (ಒಂದು ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ) 1,000 ಅಡಿಯಷ್ಟು ಅಂತರ ಬಿಡಬೇಕು. ಗಾಳಿ 60 ನಾಟ್ ಇದ್ದರೆ 6,000 ಅಡಿ. ಸುತ್ತುವಾಗ ಗಾಳಿ ಬರುವ ಕಡೆಯಿಂದ ಸುತ್ತುವುದು ವಾಡಿಕೆ. ಆಲಿಕಲ್ಲು, ಕುಲುಕಾಟ ಎರಡೂ ಗಾಳಿ ಹೋಗುವ ಕಡೆಗೇ ಜಾಸ್ತಿ ಚಾಚಿರುತ್ತವೆ.

37 ಕಿಲೋಮೀಟರ್ ಅಂದರೆ ಬಹಳ ಅನ್ನಿಸಬಹುದು. ಗಂಟೆಗೆ 900 ಕಿಲೋಮೀಟರ್ ಹೋಗುವ ವಿಮಾನಕ್ಕೆ ಅದು ಎರಡೂವರೆ ನಿಮಿಷದ ದಾರಿ.

ಆಕಾಶ ತಿಳಿಯಾಗಿದ್ರೂ ಒಮ್ಮೆಲೇ ಕುಲುಕಿತು. ಮೋಡವೇ ಇರ್ಲಿಲ್ಲ!

ಮೋಡ ಕೆಳಗೋ ಪಕ್ಕದಲ್ಲೋ ಇದ್ದಿರಬಹುದು. ಕೊಳಕ್ಕೆ ಕಲ್ಲು ಹಾಕಿದರೆ ಅಲೆ ಏಳುವ ಹಾಗೆ, ಜೋರಾಗಿ ಏರುವ ಮೋಡ ಮೇಲಿನ ಗಾಳಿಯನ್ನು ಗುದ್ದಿದಾಗ ಅಲೆಗಳು ಹುಟ್ಟುತ್ತವೆ. ಅವು ಮೇಲಕ್ಕೂ ಪಕ್ಕಕ್ಕೂ ಹೋಗಿ ಸಮುದ್ರದ ಅಲೆಯಂತೆ ಮುರಿದು ಬೀಳುತ್ತವೆ. ಮುರಿದ ಕಡೆ ಕುಲುಕಾಟ. ಅಲ್ಲಿ ನೀರೂ ಇಲ್ಲ, ಹರಳೂ ಇಲ್ಲ. ಹಾಗಾಗಿ ರಾಡಾರ್‌ಗೆ ಏನೂ ಕಾಣುವುದಿಲ್ಲ.

2024ರ ಮೇ 21ರಂದು ಲಂಡನ್‌ನಿಂದ ಸಿಂಗಾಪುರಕ್ಕೆ ಹೊರಟಿದ್ದ ಸಿಂಗಾಪುರ್ ಏರ್‌ಲೈನ್ಸ್‌ನ ಬೋಯಿಂಗ್ 777 ಮ್ಯಾನ್ಮಾರ್ ಮೇಲೆ 37,000 ಅಡಿಯಲ್ಲಿತ್ತು. ಬೆಳೆಯುತ್ತಿದ್ದ ಮೋಡಗಳಿರುವ ಪ್ರದೇಶದ ಮೇಲೆ ಅದು ಹಾರುತ್ತಿದ್ದಿರಬಹುದು ಎಂದು ಪ್ರಾಥಮಿಕ ವರದಿ ಹೇಳಿತು. ಐದು ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಎಲ್ಲ ಮುಗಿದಿತ್ತು. ಬೆಲ್ಟ್ ಹಾಕದವರು ಸೂರಿಗೆ ಬಡಿದು ಕೆಳಗೆ ಬಿದ್ದರು. ಒಬ್ಬರು ತೀರಿಕೊಂಡರು, ಹಲವಾರು ಜನ ಗಾಯಗೊಂಡರು. ಅಷ್ಟರಲ್ಲಿ ವಿಮಾನ ಇಳಿದದ್ದು ಬರೀ 178 ಅಡಿ. 'ಸಾವಿರಾರು ಅಡಿ ಬಿತ್ತು' ಎಂದು ಕೇಳಿದಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ. ಜನರನ್ನು ಸೂರಿಗೆ ಎಸೆಯುವುದು ಬಿದ್ದ ಆಳಕ್ಕಿಂತ ಹೆಚ್ಚಾಗಿ ಆ ಜರ್ಕು.

ಅಪ್ಪಿತಪ್ಪಿ ಒಳಗೇ ಹೋಗಿಬಿಟ್ರೆ?

ವಾಪಸು ತಿರುಗಬಾರದು. ತಿರುಗಿದರೆ ಒಳಗಿರುವ ಹೊತ್ತು ಹೆಚ್ಚಾಗುತ್ತದೆ, ಓರೆಯಾದ ರೆಕ್ಕೆಯ ಮೇಲೆ ಒತ್ತಡವೂ ಹೆಚ್ಚು. ಕುಲುಕಾಟಕ್ಕೆಂದು ಗೊತ್ತುಮಾಡಿರುವ ವೇಗಕ್ಕೆ ಬಂದು, ರೆಕ್ಕೆ ಮಟ್ಟವಾಗಿಟ್ಟು, ನೇರಕ್ಕೆ ಹೊರಬೀಳಬೇಕು. ಎತ್ತರ ಏರುಪೇರಾದರೆ ಆಗಲಿ ಎಂದು ಬಿಡಬೇಕು. ಎಂಜಿನ್ ಆರದಂತೆ ಕಿಡಿ ಹತ್ತಿಸುವ ವ್ಯವಸ್ಥೆ ಚಾಲೂ ಇಡುತ್ತಾರೆ. ಮಿಂಚಿಗೆ ಕಣ್ಣು ಕತ್ತಲೆ ಬಾರದಿರಲಿ ಎಂದು ಕಾಕ್‌ಪಿಟ್ ದೀಪಗಳನ್ನು ಪೂರ್ತಿ ಉರಿಸುತ್ತಾರೆ. ರೆಕ್ಕೆ ಮುರಿಯುವ ಭಯ ಬೇಡ. ದೊಡ್ಡ ವಿಮಾನಗಳನ್ನು ಮಾಮೂಲು ಭಾರದ ಎರಡೂವರೆ ಪಟ್ಟು ತಡೆಯುವಂತೆ ಕಟ್ಟಿ, ಅದರ ಮೇಲೂ ಒಂದೂವರೆ ಪಟ್ಟು ಅಂಚು ಬಿಟ್ಟಿರುತ್ತಾರೆ.

## ಕೆದಕಿ ಕೇಳುವವರಿಗೆ

35,000 ಅಡಿಯಲ್ಲಿ ನೀರೇ ಇರಲ್ಲ. ಮತ್ತೆ ಐಸಿಂಗ್ ಹೇಗೆ ಆಗುತ್ತೆ?

ಐಸಿಂಗ್ ಅಂದರೆ ವಿಮಾನಕ್ಕೆ ಮಂಜುಗಡ್ಡೆ ಕಟ್ಟುವುದು. ಆ ಎತ್ತರದಲ್ಲಿ ಅದು ಆಗದು ಎಂದೇ ಬಹಳ ವರ್ಷ ತಜ್ಞರೂ ಅಂದುಕೊಂಡಿದ್ದರು. ಆ ಎತ್ತರದ ಹರಳುಗಳು ಒಣಗಿರುತ್ತವೆ, ತಣ್ಣನೆಯ ರೆಕ್ಕೆಗೆ ಬಡಿದರೆ ಪುಟಿದು ಹೋಗುತ್ತವೆ. ಅಂಟುವುದು ಬೆಚ್ಚಗಿನ ಜಾಗಕ್ಕೆ. ಎಂಜಿನ್‌ನ ಒಳಗೆ ಹೋದ ಹರಳು ಅರ್ಧ ಕರಗಿ, ಒದ್ದೆ ಮಾಡಿ, ಅಲ್ಲಿ ಹೊಸ ಗಡ್ಡೆ ಕಟ್ಟುತ್ತದೆ. ಎಂಜಿನ್‌ನ ಬಲ ಕುಗ್ಗುತ್ತದೆ. 2013ರ ನವೆಂಬರ್‌ನಲ್ಲಿ ಬೋಯಿಂಗ್ ಕಂಪನಿ ಇದೇ ಕಾರಣಕ್ಕೆ ತನ್ನ 747-8 ಮತ್ತು ಕೆಲವು 787 ವಿಮಾನಗಳು ಇಂಥ ಮೋಡಗಳಿಂದ 50 ನಾಟಿಕಲ್ ಮೈಲಿ ದೂರ ಇರಬೇಕು ಎಂದು ಎಚ್ಚರಿಸಿತು.

ವೇಗ ಅಳೆಯುವ ಪಿಟೋ ಕೊಳವೆಗಳೂ ಹರಳಿನಿಂದ ಕಟ್ಟಿಕೊಳ್ಳುತ್ತವೆ. 2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ಅಟ್ಲಾಂಟಿಕ್ ಮೇಲಿನ ಗುಡುಗು ಮೋಡಗಳ ಸಾಲನ್ನು 35,000 ಅಡಿಯಲ್ಲಿ ದಾಟುತ್ತಿತ್ತು. ಕೊಳವೆಗಳು ಕಟ್ಟಿಕೊಂಡದ್ದು ಒಂದು ನಿಮಿಷಕ್ಕೂ ಕಡಿಮೆ. ಆಟೋಪೈಲಟ್ ಕಳಚಿತು. ಪೈಲಟ್ ಮೂಗು ಎತ್ತಿದರು, ವಿಮಾನ ಸ್ಟಾಲ್ ಆಯಿತು, ಕೊನೆಯವರೆಗೂ ಅದರಿಂದ ಹೊರಬರಲಿಲ್ಲ. 228 ಜನ ಹೋದರು. ಬಿರುಗಾಳಿ ವಿಮಾನವನ್ನು ಮುರಿಯಲಿಲ್ಲ. ಒಂದು ಸಣ್ಣ ಕೊಳವೆಗೆ ಹರಳು ತುಂಬಿತು, ಉಳಿದದ್ದು ಒಳಗಿನ ಗೊಂದಲ.

ಬೇಕಂತಲೇ ಒಳಗೆ ಹೋದವರು ಯಾರಾದ್ರೂ ಇದ್ದಾರಾ?

ಇದ್ದಾರೆ. 1946 ಮತ್ತು 1947ರಲ್ಲಿ ಅಮೆರಿಕದ 'ಥಂಡರ್‌ಸ್ಟಾರ್ಮ್ ಪ್ರಾಜೆಕ್ಟ್' ಫ್ಲಾರಿಡಾ ಮತ್ತು ಒಹಾಯೋದಲ್ಲಿ ಪಿ-61 ಯುದ್ಧವಿಮಾನಗಳನ್ನು ಬೇರೆ ಬೇರೆ ಎತ್ತರದಲ್ಲಿ ಒಂದೇ ಮೋಡದೊಳಗೆ ನುಗ್ಗಿಸಿತು. ಮೋಡ ಬೆಳೆಯುವ, ಬಲಿಯುವ, ಸೊರಗುವ ಮೂರು ಹಂತಗಳ ಚಿತ್ರ ಸಿಕ್ಕಿದ್ದು ಆ ಕೆಲಸದಿಂದ. ಹೋರೇಸ್ ಬೈಯರ್ಸ್ ಮತ್ತು ರಾಸ್ಕೋ ಬ್ರಹಾಮ್ ಇದರ ಮುಂದಾಳುಗಳು. ಇವತ್ತಿಗೂ ಪಾಠಗಳಲ್ಲಿ ಅದೇ ಮೂರು ಹಂತ. 1980ರ ದಶಕದಲ್ಲಿ ನಾಸಾ ಒಂದು ಎಫ್-106 ವಿಮಾನವನ್ನು ಸಿಡಿಲು ಹೊಡೆಸಿಕೊಳ್ಳಲೆಂದೇ ಕಳಿಸಿತು. ಅದು 700ಕ್ಕೂ ಹೆಚ್ಚು ಸಲ ಹೊಡೆಸಿಕೊಂಡು ಬಂತು.

ಮಿಂಚು ಮೇಲಕ್ಕೂ ಹೋಗುತ್ತಂತೆ, ನಿಜವಾ?

ನಿಜ. ಮೋಡದ ಮೇಲೆ 50ರಿಂದ 90 ಕಿಲೋಮೀಟರ್ ಎತ್ತರದಲ್ಲಿ 'ಸ್ಪ್ರೈಟ್' ಎಂಬ ಕೆಂಪು ಮಿಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಪೈಲಟ್‌ಗಳು ಹೇಳುತ್ತಿದ್ದರು, ಯಾರೂ ಅಷ್ಟಾಗಿ ನಂಬುತ್ತಿರಲಿಲ್ಲ. 1989ರ ಜುಲೈ 6ರಂದು ಮಿನೆಸೋಟ ವಿಶ್ವವಿದ್ಯಾಲಯದವರು ಕ್ಯಾಮೆರಾ ಪರೀಕ್ಷೆ ಮಾಡುವಾಗ ಆಕಸ್ಮಿಕವಾಗಿ ಸಿಕ್ಕಿಬಿತ್ತು. ಪ್ರಯಾಣಿಕ ವಿಮಾನಕ್ಕೆ ಇದರಿಂದ ತೊಂದರೆ ಇಲ್ಲ, ಅದು ಬಹಳ ಮೇಲಿನ ಆಟ.

ಭೂಮಿ ಬಿಸಿಯಾದ್ರೆ ಇದೆಲ್ಲ ಜಾಸ್ತಿ ಆಗುತ್ತಾ?

ಮೋಡದ ಸೂರು ಮೇಲೇರುತ್ತಿದೆ. ಉತ್ತರ ಗೋಳಾರ್ಧದಲ್ಲಿ 1980ರಿಂದ ಈಚೆಗೆ ದಶಕಕ್ಕೆ ಸುಮಾರು 50-60 ಮೀಟರ್. ಬೆಚ್ಚಗಿನ ಗಾಳಿ ಹೆಚ್ಚು ತೇವ ಹೊರುವುದರಿಂದ ಮೋಡಗಳಿಗೆ ಮೇವೂ ಹೆಚ್ಚು. ಪತ್ರಿಕೆಗಳಲ್ಲಿ ಬರುವ 'ಕುಲುಕಾಟ 55 ಪರ್ಸೆಂಟ್ ಹೆಚ್ಚಿದೆ' ಅನ್ನುವ ಅಂಕಿ ಮಾತ್ರ ಬೇರೆಯದು. ಅದು ಉತ್ತರ ಅಟ್ಲಾಂಟಿಕ್ ಮೇಲೆ 1979ರಿಂದ 2020ರ ನಡುವೆ ತಿಳಿ ಗಾಳಿಯ ತೀವ್ರ ಕುಲುಕಾಟದ ಲೆಕ್ಕ. ಅದರ ಮೂಲ ಮೇಲಿನ ರಭಸದ ಗಾಳಿಹೊಳೆ. ಗುಡುಗು ಮೋಡದ ಖಾತೆಗೆ ಅದನ್ನು ಸೇರಿಸಬಾರದು.

ಯು-2 ಥರ ಇನ್ನೂ ಎತ್ತರ ಹಾರೋ ವಿಮಾನಕ್ಕೆ ಚಿಂತೆ ಇಲ್ವಲ್ಲ?

ತಲುಪಿದ ಮೇಲೆ ಹೆಚ್ಚುಕಡಿಮೆ ಇಲ್ಲ. ಅಮೆರಿಕದ ಬೇಹುಗಾರಿಕೆ ವಿಮಾನ ಯು-2 ಹಾರುವುದು 70,000 ಅಡಿ, ಅಂದರೆ 21 ಕಿಲೋಮೀಟರ್ ಎತ್ತರದಲ್ಲಿ. ಅದರ ತಮ್ಮನಂಥ ನಾಸಾದ ಇಆರ್-2 ಗುಡುಗು ಮೋಡಗಳ ನೆತ್ತಿಯ ಮೇಲೆಯೇ ಹಾರಿ ಅಳತೆ ತೆಗೆಯುತ್ತದೆ. 2023ರ ಜುಲೈನಲ್ಲಿ ಅದು ಉಷ್ಣವಲಯದ ಮೋಡಗಳ ಮೇಲೆ ಹಾರಿದಾಗ, ಅವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ ಗಾಮಾ ಕಿರಣ ಸೂಸುತ್ತವೆ ಎಂದು ಗೊತ್ತಾಯಿತು. ಇನ್ನು 60,000 ಅಡಿವರೆಗೆ ಹೋಗುತ್ತಿದ್ದ, ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನ ಕಾಂಕಾರ್ಡ್ ಕೂಡ ಉಷ್ಣವಲಯದ ಅತಿ ಎತ್ತರದ ಮೋಡಗಳಿಗಿಂತ ಮೇಲೇನೂ ಇರಲಿಲ್ಲ.

ತೊಂದರೆ ಇರುವುದು ಹತ್ತುವಾಗ, ಇಳಿಯುವಾಗ. ಎಷ್ಟೇ ಎತ್ತರ ಹಾರಿದರೂ ಮೋಡದ ಕೋಣೆ ದಾಟಿಯೇ ಹೋಗಬೇಕು, ದಾಟಿಯೇ ಬರಬೇಕು. ಮೇಲಿದ್ದಾಗ ಎಂಜಿನ್ ಕೆಟ್ಟರೆ? ವಿಲಿಯಂ ರ‍್ಯಾಂಕಿನ್ ಎಂಬ ಅಮೆರಿಕದ ಮರೀನ್ ಪೈಲಟ್‌ಗೆ 1959ರ ಜುಲೈ 26ರಂದು ಅದೇ ಆಯಿತು. ಗುಡುಗು ಮೋಡದ ಮೇಲೆ 47,000 ಅಡಿಯಲ್ಲಿ ಅವರ ಎಫ್-8 ಯುದ್ಧವಿಮಾನದ ಎಂಜಿನ್ ನಿಂತಿತು. ಒತ್ತಡ ತಡೆಯುವ ಉಡುಪೂ ಇರಲಿಲ್ಲ. ಹೊರಗೆ ಹಾರಿದರು. ಪ್ಯಾರಾಚೂಟ್ ಬಿಚ್ಚಿಕೊಂಡದ್ದು ಮೋಡದ ಒಳಗೆ. ಏರುಗಾಳಿ ಅವರನ್ನು ಮತ್ತೆ ಮತ್ತೆ ಮೇಲಕ್ಕೆ ಎತ್ತಿ ಹಾಕಿತು, ಆಲಿಕಲ್ಲು ಬಡಿಯಿತು, ಉಸಿರಾಡಲು ಬಾಯಿ ತೆರೆದರೆ ಮಳೆನೀರು. ಹತ್ತು ನಿಮಿಷದಲ್ಲಿ ಇಳಿಯಬೇಕಾದವರು ನಾರ್ತ್ ಕ್ಯಾರೊಲಿನಾದ ಕಾಡಿನಲ್ಲಿ ಇಳಿದಾಗ 40 ನಿಮಿಷ ಕಳೆದಿತ್ತು. ಬದುಕಿದರು.